ತಿಕೋಟಾ ಮತಕ್ಷೇತ್ರ ಎಲ್ಲಿಗೆ ಹೋಯಿತು?

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣ)



ಬಿ.ಇ. ಮುಗಿಸಿ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಇಂಜಿನಿಯರ್ ಆಗಿರುವ ನಾನು ಕಂಪ್ಯೂಟರ್ ಬಗ್ಗೆ ಮಾತಾಡುತ್ತೇನೆ ಎಂದು ನೀವು ಅಂದುಕೊಂಡಿರಬಹುದು. ಇವತ್ತು ನಾನು ಹೇಳಬೇಕೆಂದಿರುವುದು ನಮ್ಮ ಹಳೆಯ ತಿಕೋಟಾ ವಿಧಾನಸಭಾ ಮತಕ್ಷೇತ್ರದ ವಿಷಯ.

2008ರ ಮೇ ತಿಂಗಳಲ್ಲಿ ನಾನು ಮೊದಲ ಸಲ ಮತ ಹಾಕಿದೆ. ಅಜ್ಜನ ಕೈ ಹಿಡಿದುಕೊಂಡು ಮತಗಟ್ಟೆಗೆ ಹೋಗಿದ್ದೆ. ಕ್ಷೇತ್ರದ ಹೆಸರು ಬಬಲೇಶ್ವರ ಎಂದು ಓದಿ ಹೇಳಿದಾಗ ಅಜ್ಜ ನಿಂತುಬಿಟ್ಟ. "ನಮ್ಮದು ತಿಕೋಟಾ ಅಲ್ಲೇನೋ? ಊರು ಇಲ್ಲೇ ಐತಿ, ಕ್ಷೇತ್ರ ಎಲ್ಲಿಗಿ ಹೋತು?" ಅಂದ. ನನಗೆ ಉತ್ತರ ಗೊತ್ತಿರಲಿಲ್ಲ. ಅಜ್ಜ ಈಗಿಲ್ಲ. ಆ ಉತ್ತರವನ್ನು ನಿಮ್ಮ ಮುಂದೆ ಹೇಳುತ್ತೇನೆ.

1956ರ ನವೆಂಬರ್ 1ರವರೆಗೆ ನಮ್ಮ ಜಿಲ್ಲೆ ಮುಂಬಯಿ ರಾಜ್ಯದಲ್ಲಿತ್ತು. ಆಮೇಲೆ ಮೈಸೂರು ರಾಜ್ಯಕ್ಕೆ ಸೇರಿದೆವು. 1957ರಲ್ಲಿ ವಿಧಾನಸಭೆಗೆ 208 ಸ್ಥಾನಗಳಿದ್ದವು, 1967ರಲ್ಲಿ 216 ಆದವು, 1978ರಿಂದ 224. ದಶಕಗಳ ಕಾಲ ಆ ಪಟ್ಟಿಯಲ್ಲಿ ತಿಕೋಟಾ ಹೆಸರಿತ್ತು. ಇಲ್ಲಿಂದ ಬಿ. ಎಂ. ಪಾಟೀಲರು ಗೆದ್ದಿದ್ದರು. 1991ರ ಉಪಚುನಾವಣೆಯಲ್ಲಿ ಅವರ ಮಗ ಎಂ. ಬಿ. ಪಾಟೀಲರು, 1994 ಮತ್ತು 1999ರಲ್ಲಿ ಶಿವಾನಂದ ಪಾಟೀಲರು, 2004ರಲ್ಲಿ ಮತ್ತೆ ಎಂ. ಬಿ. ಪಾಟೀಲರು ಗೆದ್ದರು. ತಿಕೋಟಾ ಹೆಸರಿನಲ್ಲಿ ನಡೆದ ಕೊನೆಯ ಸಾರ್ವತ್ರಿಕ ಚುನಾವಣೆ ಅದೇ.

ಆಮೇಲೆ ನ್ಯಾಯಮೂರ್ತಿ ಕುಲದೀಪ್ ಸಿಂಗ್ ಅಧ್ಯಕ್ಷತೆಯ ಆಯೋಗ 2001ರ ಜನಗಣತಿಯ ಮೇಲೆ ಕ್ಷೇತ್ರಗಳ ಗಡಿ ಹೊಸದಾಗಿ ಹಾಕಿತು. ಜಿಲ್ಲೆಗೆ ಮೊದಲೂ ಎಂಟು ಸ್ಥಾನ, ಈಗಲೂ ಎಂಟೇ. ಆದರೆ ತಿಕೋಟಾ, ಬಳ್ಳೊಳ್ಳಿ, ಹೂವಿನ ಹಿಪ್ಪರಗಿ ಹೆಸರುಗಳು ಹೋದವು. ಬಬಲೇಶ್ವರ, ನಾಗಠಾಣ, ದೇವರ ಹಿಪ್ಪರಗಿ ಬಂದವು. ಹಾಗೆ ನಾವು 29ನೇ ಕ್ಷೇತ್ರವಾದ ಬಬಲೇಶ್ವರದವರಾದೆವು. ಹತ್ತು ವರ್ಷಗಳ ಮೇಲೆ, 2018ರಲ್ಲಿ, ತಿಕೋಟಾ ತಾಲೂಕು ಆಗಿ ಆ ಹೆಸರು ಮರಳಿ ಬಂತು. ಅಜ್ಜನಿಗೆ ಅದನ್ನಾದರೂ ಹೇಳಬೇಕಿತ್ತು.

ನನ್ನ ಕೆಲಸದ ಭಾಷೆಯಲ್ಲಿ ಹೇಳುವುದಾದರೆ, ಕ್ಷೇತ್ರವೆಂದರೆ ತಲೆ ಎಣಿಸಿ ಹಾಕಿದ ಗೆರೆ. ಆದ್ದರಿಂದ ಯಾರನ್ನು ಎಲ್ಲಿ ಎಣಿಸಿದರು ಎನ್ನುವುದು ದೊಡ್ಡ ಮಾತು. 2001ರ ಎಣಿಕೆ ಫೆಬ್ರವರಿ 9ರಿಂದ 28ರವರೆಗೆ ನಡೆಯಿತು. ಅದು ಕಬ್ಬು ಕಡಿಯುವ ಕಾಲ. ಆ ಅವಧಿಯೆಲ್ಲ ಗುಳೆ ಹೋಗಿದ್ದವರನ್ನು ಅವರು ಇದ್ದಲ್ಲೇ ಎಣಿಸುವುದು ನಿಯಮ. ಮಹಾರಾಷ್ಟ್ರದಲ್ಲೋ ಗೋವಾದಲ್ಲೋ ದುಡಿಯುತ್ತಿದ್ದ ನಮ್ಮ ಜನ ಅಲ್ಲಿಯ ಲೆಕ್ಕಕ್ಕೆ ಸೇರಿದರು. ನಮ್ಮ ಕ್ಷೇತ್ರ ಹೋದದ್ದು ಅದರಿಂದಲೇ ಎಂದು ನಾನು ಹೇಳುತ್ತಿಲ್ಲ. ಹೊಟ್ಟೆಪಾಡಿಗೆ ಊರು ಬಿಟ್ಟವನು ಲೆಕ್ಕದಲ್ಲೂ ಊರು ಬಿಡುತ್ತಾನೆ, ಅಷ್ಟೇ ಹೇಳುತ್ತೇನೆ.

ನಾನೂ ಊರು ಬಿಟ್ಟವನೇ. 2018ರ ಚುನಾವಣೆಗೆ ರಜೆ ಹಾಕಿ ಬರಲಿಲ್ಲ. ಬೆಂಗಳೂರಿನಲ್ಲಿ ಹೆಸರು ಸೇರಿಸಿರಲಿಲ್ಲ. ಎರಡೂ ಕಡೆ ಇಲ್ಲದವನಾದೆ. ಕ್ಷೇತ್ರದ ಹೆಸರು ಬದಲಾಗಿದ್ದಕ್ಕೆ ಅಜ್ಜ ಮರುಗಿದ, ಆದರೂ ಸಾಲಿನಲ್ಲಿ ನಿಂತು ಮತ ಹಾಕಿದ. ನಾನು ಓದಿದವನು, ಮನೆಯಲ್ಲಿ ಕೂತೆ. ಈ ಮಾತನ್ನು ಗುರುಗಳ ಮುಂದೆ ಒಪ್ಪಿಕೊಳ್ಳಬೇಕೆಂದೇ ಈ ವಿಷಯ ಆರಿಸಿಕೊಂಡೆ.

ಆದ್ದರಿಂದ ವಿದ್ಯಾರ್ಥಿಗಳೇ, ಹದಿನೆಂಟು ತುಂಬಿದ ಕೂಡಲೇ ನಮೂನೆ 6 ತುಂಬಿರಿ. ಊರು ಬದಲಿಸಿದವರು ನಮೂನೆ 8 ಕೊಡಿರಿ. ಜನಗಣತಿಯವರು ಬಂದಾಗ ಮನೆಯಲ್ಲಿ ವಾಸವಿರುವ ಒಬ್ಬರ ಹೆಸರನ್ನೂ ಬಿಡಬೇಡಿರಿ, ಕೂಸು ಮುದುಕರನ್ನೂ ಸೇರಿಸಿರಿ. 2026ರ ನಂತರದ ಮೊದಲ ಜನಗಣತಿ ಆದಮೇಲೆ ಗಡಿಗಳು ಮತ್ತೆ ಬದಲಾಗಬಹುದು. ಆಗ ಬಬಲೇಶ್ವರವೂ ಹಳೆಯ ಹೆಸರಾದೀತು. ಹೆಸರು ಏನೇ ಆಗಲಿ, ಲೆಕ್ಕದಲ್ಲಿ ನಾವಿರಬೇಕು.