ಪ್ರಶ್ನೆ ಕೇಳುವವರು ಯಾರು?

ಇವತ್ತಿನ ಮಾತು ದೂರದ ಊರಿನದು. ಅಮೆರಿಕದ ಅಲಾಸ್ಕಾದ ಉತ್ತರ ತುದಿಯಲ್ಲಿ, ಆರ್ಕ್ಟಿಕ್ ಸಾಗರದ ದಂಡೆಯಲ್ಲಿ ಬ್ಯಾರೋ ಎಂಬ ಪುಟ್ಟ ಪಟ್ಟಣವಿದೆ. 2016ರಲ್ಲಿ ಜನ ಮತ ಹಾಕಿ ಉಟ್ಕಿಯಾಗ್ವಿಕ್ ಎಂಬ ತಮ್ಮ ಹಳೆಯ ಹೆಸರನ್ನೇ ವಾಪಸು ತಂದುಕೊಂಡರು. ಬ್ಯಾಂಗಲೋರ್ ಬೆಂಗಳೂರಾದ ಹಾಗೆ ಅನ್ನಿ. ಅಲ್ಲಿನ ಮೂಲನಿವಾಸಿಗಳು ಇನುಪಿಯಾಟ್ ಜನ.

1970ರ ದಶಕದಲ್ಲಿ ಆ ಸೀಮೆಗೆ ಎಣ್ಣೆಯ ದುಡ್ಡು ಬಂತು. ನಗಬೇಡಿ, ನಾನು ಹೇಳುತ್ತಿರುವುದು ನೆಲದಡಿಯ ಎಣ್ಣೆ! ಆದರೆ ಬಾಟಲಿಯದೂ ಹಿಂದೆಯೇ ಬಂತು. ಕುಡಿತ ಹೆಚ್ಚಿತೆಂದು 1979ರಲ್ಲಿ ಹೊರಗಿನ ಸಂಶೋಧಕರು ಬಂದು ಸಮೀಕ್ಷೆ ಮಾಡಿದರು. ಪ್ರಶ್ನಾವಳಿ ಬೇರೆ ಜನಕ್ಕಾಗಿ ತಯಾರಾದದ್ದು. ಊರಿನವರು ಕೂತು ಚರ್ಚಿಸುವ ಮೊದಲೇ ಫಲಿತಾಂಶ ಪತ್ರಿಕೆಗಳಿಗೆ ಹೋಯಿತು. 1980ರ ಜನವರಿಯಲ್ಲಿ ನ್ಯೂಯಾರ್ಕಿನ ಪತ್ರಿಕೆಯಲ್ಲೂ ಸುದ್ದಿ. ಇಡೀ ಊರಿಗೆ ಕುಡುಕರ ಊರೆಂಬ ಹಣೆಪಟ್ಟಿ. ಸಹಾಯ ಕೇಳಿದ್ದಕ್ಕೆ ಮಾನವೇ ಹೋಯಿತು.

ಮುಂದೆ 1990ರ ದಶಕದಲ್ಲಿ ಅಲಾಸ್ಕಾದ ಮೂಲನಿವಾಸಿ ಮುಖಂಡರು ಪ್ರಶ್ನೆಯನ್ನೇ ತಿರುಗಿಸಿದರು. ನಮ್ಮಲ್ಲಿ ಎಷ್ಟು ಜನ ಕುಡಿಯುತ್ತಾರೆ ಅಂತ ಕೇಳಿದ್ದು ಸಾಕು, ಕುಡಿಯದೆ ಉಳಿದವರು ಹೇಗೆ ಉಳಿದರು, ಬಿಟ್ಟವರು ಹೇಗೆ ಬಿಟ್ಟರು, ಅದನ್ನು ಕೇಳಿ ಎಂದರು. ಅಲಾಸ್ಕಾ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞ ಜೆರಾಲ್ಡ್ ಮೊಹಾಟ್ ಅವರ ಜೊತೆ ಕೂತು ಜೀವನಕಥೆಗಳನ್ನು ದಾಖಲಿಸಿದರು. ಅದರಿಂದ ಬೆಳೆದದ್ದೇ ಯೂಪಿಕ್ ಹಳ್ಳಿಗಳ 'ಕುಂಗಾಸ್ವಿಕ್', ಅಂದರೆ ಸಲಕರಣೆ ಪೆಟ್ಟಿಗೆ. ಅಲ್ಲಿ ಹಿರಿಯರು ಹುಡುಗರಿಗೆ ಬೇಟೆ, ಹಿಮದ ಮೇಲೆ ನಡೆಯುವ ಎಚ್ಚರ ಇವನ್ನೆಲ್ಲ ಕಲಿಸುತ್ತಾರೆ. ಕುಡಿತದಿಂದ ದೂರ ಇಡುವ ಕೆಲಸ ಅದರೊಳಗೇ ನಡೆಯುತ್ತದೆ. ಊರಿನವರೇ ಸಹ ಸಂಶೋಧಕರು.

ಆದರೆ ಇಂಥ ಸಮುದಾಯಗಳಿಂದ ಸಂಶೋಧಕರಾಗಿ ಮೇಲೆ ಬರುವುದು ಸುಲಭವಲ್ಲ. 2011ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಒಂದು ಅಧ್ಯಯನ ಬಂತು. ಓದು, ತರಬೇತಿ, ಪ್ರಕಟಣೆ ಎಲ್ಲವನ್ನೂ ಲೆಕ್ಕಕ್ಕೆ ತೆಗೆದುಕೊಂಡರೂ, ಅಮೆರಿಕ ಸರ್ಕಾರದ ಆರೋಗ್ಯ ಸಂಶೋಧನಾ ಅನುದಾನ ಕಪ್ಪು ವಿಜ್ಞಾನಿಗಳಿಗೆ ಸಿಗುವ ಸಾಧ್ಯತೆ ಬಿಳಿಯರಿಗಿಂತ ಶೇಕಡಾ 10ರಷ್ಟು ಅಂಕ ಕಡಿಮೆ ಇತ್ತು. ಇದಕ್ಕೇ 2014ರಲ್ಲಿ ಅಲ್ಲಿ ರಾಷ್ಟ್ರಮಟ್ಟದ ಮಾರ್ಗದರ್ಶಕರ ಜಾಲವೊಂದನ್ನು ಶುರು ಮಾಡಿದರು. ಅರ್ಜಿ ಬರೆಯುವುದು ಹೇಗೆ, ತಿರಸ್ಕಾರದ ಪತ್ರ ಬಂದರೆ ಮುಂದೇನು, ಇದನ್ನೆಲ್ಲ ಪಕ್ಕದಲ್ಲಿ ಕೂತು ಹೇಳುವ ಹಿರಿಯರು ಬೇಕಲ್ಲ.

ನಾನು ಕನ್ನಡ ಬಿ.ಎ. ಮುಗಿಸಿ ಈ ಮಹಾನಗರದ ಮೈಕಿನ ಮುಂದೆ ಮೊದಲ ಸಲ ಕೂತಾಗ ಕೈ ನಡುಗುತ್ತಿತ್ತು. ಹಿರಿಯ ಉದ್ಘೋಷಕಿಯೊಬ್ಬರು ಹಾಳೆ ಸದ್ದಾಗದಂತೆ ಹಿಡಿಯುವುದನ್ನು, ಎಲ್ಲಿ ಉಸಿರು ತೆಗೆದುಕೊಳ್ಳಬೇಕೆನ್ನುವುದನ್ನು ಹೇಳಿಕೊಟ್ಟರು. ಆಮೇಲೆ, "ನಿನ್ನ ಧಾರವಾಡದ ಧಾಟಿ ಇರಲಿ ಬಿಡಪ್ಪ, ಕೇಳುವವರಲ್ಲಿ ನಿಮ್ಮ ಕಡೆಯವರೂ ಇದ್ದಾರೆ" ಅಂದರು. ಮಾರ್ಗದರ್ಶನದಲ್ಲಿ ಕಷ್ಟದ ಭಾಗ ಈ ಎರಡನೆಯದೇ ಅನಿಸುತ್ತದೆ ನನಗೆ. ಅರ್ಜಿ ಬರೆಯಲು ಕಲಿಸಿ, ತನ್ನ ಪ್ರಶ್ನೆಯನ್ನೇ ಶಿಷ್ಯರ ಬಾಯಲ್ಲಿ ಇಟ್ಟರೆ, ಬ್ಯಾರೋದ ಪ್ರಶ್ನಾವಳಿಯೇ ಮತ್ತೆ ಬಂದಂತೆ.

ನಿಮ್ಮ ಮನೆಯಲ್ಲಿ ಯಾರಾದರೂ ಸಂಶೋಧನೆಗೆ ಇಳಿದಿದ್ದರೆ, ಅವರ ಬೆನ್ನಿಗೆ ಮೊದಲು ನಿಂತವರು ಯಾರು ಅಂತ ನಮಗೆ ಬರೆದು ಕಳಿಸಿ. ಮುಂದಿನ ವಾರ ಓದುತ್ತೇನೆ. ಈಗ ಹಾಡಿನ ಸಮಯ.