ಹಾಲಿಗೆ ಲೆಕ್ಕವಿದೆ, ಹೊತ್ತಿಗೆ ಲೆಕ್ಕವೆಲ್ಲಿ?

(ಸಂಘದ ಬೆಳ್ಳಿಹಬ್ಬದ ಸಮಾರಂಭದಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ಸಮಯದ ಸದುಪಯೋಗ ಮತ್ತು ನಮ್ಮ ಏಳಿಗೆ ಎಂಬ ವಿಷಯದ ಮೇಲೆ ನಾಲ್ಕು ಮಾತು ಹೇಳಿ ಅಂತ ಅಧ್ಯಕ್ಷರು ಅಪ್ಪಣೆ ಮಾಡಿದ್ದಾರೆ. ನಾವು ಪಂಡಿತರಲ್ಲ. ಎಸ್.ಎಸ್.ಎಲ್.ಸಿ. ಮುಗಿಸಿ ನೇಗಿಲು ಹಿಡಿದವರು. ಹಾಗಾಗಿ ದೊಡ್ಡವರ ಮಾತುಗಳನ್ನು ಹೇಳಲು ಹೋಗುವುದಿಲ್ಲ. ಕೊಟ್ಟಿಗೆಯಲ್ಲಿ, ಹೊಲದಲ್ಲಿ, ಸಂಘದ ಜಗುಲಿಯ ಮೇಲೆ ಕಂಡದ್ದನ್ನೇ ನಿಮ್ಮ ಮುಂದೆ ಇಡುತ್ತೇವೆ.

ನಮ್ಮೂರಲ್ಲಿ ಯಾರನ್ನು ಕೇಳಿದರೂ ಬರುವ ಉತ್ತರ ಒಂದೇ: "ಎಲ್ಲಿ ಸ್ವಾಮಿ, ಪುರುಸೊತ್ತೇ ಇಲ್ಲ." ಹೊಲದ ಮಣ್ಣು ಪರೀಕ್ಷೆಗೆ ಕೊಟ್ಟಿರಾ? ಪುರುಸೊತ್ತಿಲ್ಲ. ಕರುವಿಗೆ ಜಂತುಹುಳುವಿನ ಔಷಧಿ ಕುಡಿಸಿದಿರಾ? ಪುರುಸೊತ್ತಿಲ್ಲ. ಮಗಳ ಶಾಲೆಗೆ ಹೋಗಿ ಮೇಷ್ಟ್ರನ್ನು ಒಂದು ಸಲ ಮಾತಾಡಿಸಿದಿರಾ? ಪುರುಸೊತ್ತಿಲ್ಲ. ಆದರೆ ಅದೇ ಹೊತ್ತಿಗೆ ಅರಳಿಕಟ್ಟೆ ಮೇಲೆ ಜಾಗ ಖಾಲಿ ಇರೋದಿಲ್ಲ, ಹೋಟೆಲಿನ ಬೆಂಚೂ ಖಾಲಿ ಇರೋದಿಲ್ಲ. ಈಗಂತೂ ಎಲ್ಲರ ಕೈಯಲ್ಲೂ ಮೊಬೈಲು ಬಂದಿದೆ. ಕಟ್ಟೆಗೆ ಬಂದವರೂ ಒಬ್ಬರಿಗೊಬ್ಬರು ಮಾತಾಡದೆ ತಲೆ ಬಗ್ಗಿಸಿ ಕೂತಿರುತ್ತಾರೆ. ಕಟ್ಟೆ ಮೇಲೆ ಕೂರುವುದೇ ತಪ್ಪು ಅಂತ ನಾವು ಹೇಳುತ್ತಿಲ್ಲ. ಕಷ್ಟಸುಖ ಮಾತಾಡಲು ಕಟ್ಟೆ ಬೇಕು. ಈ ಸಂಘ ಕಟ್ಟಬೇಕು ಅನ್ನೋ ಮೊದಲ ಮಾತು ಹುಟ್ಟಿದ್ದೂ ಅಂಥ ಕಟ್ಟೆಯ ಮೇಲೇ. ಆದರೆ ಎಷ್ಟು ಹೊತ್ತು ಕೂತೆವು ಎಂಬ ಲೆಕ್ಕ ಮಾತ್ರ ಇರಬೇಕು.

ನಮ್ಮ ಹಿರಿಯರಿಗೆ ಕೈಗಡಿಯಾರ ಇರಲಿಲ್ಲ. ಆದರೂ ಹೊತ್ತಿನ ಲೆಕ್ಕ ಅವರಿಗೆ ನಮಗಿಂತ ಚೆನ್ನಾಗಿತ್ತು. ವರ್ಷವನ್ನು 27 ಮಳೆಗಳಾಗಿ ಹಂಚಿಕೊಂಡಿದ್ದರು. ಒಂದೊಂದಕ್ಕೆ 13-14 ದಿನ. ಭರಣಿಗೆ ಇದು, ರೋಹಿಣಿಗೆ ಇದು, ಆರಿದ್ರಾ ಮಳೆಗೆ ಇದು ಅಂತ ಬಿತ್ತನೆಯ ಲೆಕ್ಕ ಬಾಯಲ್ಲೇ ಇರುತ್ತಿತ್ತು. ಒಂದು ಮಳೆಯ ಹದ ತಪ್ಪಿದರೆ ಎಷ್ಟು ಗೊಬ್ಬರ ಸುರಿದರೂ ಆ ಹದ ವಾಪಸ್ಸು ಬರೋದಿಲ್ಲ ಅಂತ ಅವರಿಗೆ ಗೊತ್ತಿತ್ತು. ಅಂದರೆ ಹೊತ್ತಿನ ಬೆಲೆ ರೈತನಿಗೆ ಹೊಸ ಪಾಠ ಅಲ್ಲ, ನಮ್ಮ ರಕ್ತದಲ್ಲೇ ಬಂದದ್ದು.

ಇನ್ನು ಹಾಲಿನ ವಿಷಯ. ಸಹಕಾರ ಎಂಬುದು ನಮ್ಮ ನಾಡಿಗೆ ಹಳೆಯದು. 1904ರಲ್ಲಿ ಸಹಕಾರ ಸಂಘಗಳ ಕಾಯಿದೆ ಬಂತು, ಮರುವರ್ಷ 1905ರಲ್ಲೇ ಗದಗದ ಹತ್ತಿರ ಕಣಗಿನಹಾಳದಲ್ಲಿ ಸಿದ್ಧನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು. ಹಾಲಿನ ಸಹಕಾರಕ್ಕೆ ದೊಡ್ಡ ದಾರಿ ತೋರಿಸಿದ್ದು ಗುಜರಾತಿನ ಆನಂದ್. ಅಲ್ಲಿಯ ರೈತರ ಕಷ್ಟ ಏನಾಗಿತ್ತು ಗೊತ್ತೇ? ಹಾಲು ಬೇಗ ಕೆಡುವ ಪದಾರ್ಥ. ರಾಗಿಯನ್ನು ಕಣಜಕ್ಕೆ ತುಂಬಿ ಬೆಲೆ ಬರುವ ತನಕ ಕಾಯಬಹುದು, ಹಾಲನ್ನು ಕಾಯಿಸಿಡಲು ಆಗೋದಿಲ್ಲ. ಕೊಳ್ಳುವವನು ಇದನ್ನು ತಿಳಿದುಕೊಂಡೇ ಬೆಲೆ ಹೇಳುತ್ತಿದ್ದ. 1946ರಲ್ಲಿ ಅಲ್ಲಿನ ರೈತರು 15 ದಿನ ಹಾಲು ಮಾರದೆ ಗಟ್ಟಿಯಾಗಿ ನಿಂತರು. ಅದೇ ವರ್ಷ ಅವರ ಒಕ್ಕೂಟ ನೋಂದಣಿಯಾಯಿತು. ಶುರುವಾದಾಗ ದಿನಕ್ಕೆ ಬರುತ್ತಿದ್ದದ್ದು ಸುಮಾರು 250 ಲೀಟರ್ ಹಾಲು. ಒಬ್ಬ ರೈತನಿಗೆ ಕಾಯುವ ಶಕ್ತಿ ಇರಲಿಲ್ಲ, ಹತ್ತು ಜನ ಸೇರಿದಾಗ ಆ ಶಕ್ತಿ ಬಂತು. ಹೊತ್ತಿನ ವಿರುದ್ಧ ರೈತರು ಗೆದ್ದ ಕಥೆ ಅದು.

ಆ ದಾರಿಯಲ್ಲೇ ನಮ್ಮ ಸಂಘವೂ 25 ವರ್ಷ ನಡೆದಿದೆ. ಒಂದು ಸಣ್ಣ ಲೆಕ್ಕ ಹಾಕಿ ನೋಡಿ. ದಿನಕ್ಕೆ ಎರಡು ಸಲ, ವರ್ಷಕ್ಕೆ 365 ದಿನ, 25 ವರ್ಷ. ಒಟ್ಟು 18,250 ಸಲ. ಹಬ್ಬ ಬರಲಿ, ಜಾತ್ರೆ ಬರಲಿ, ಮನೆಯಲ್ಲಿ ಮದುವೆ ಇರಲಿ, ಸಾವೇ ಆಗಿರಲಿ, ಹಸುವಿನ ಕೆಚ್ಚಲು ಕಾಯೋದಿಲ್ಲ, ಹಾಲಿನ ವ್ಯಾನೂ ಕಾಯೋದಿಲ್ಲ. ಪುರುಸೊತ್ತಿಲ್ಲ ಎನ್ನುವ ಇದೇ ಊರು ಹಾಲಿನ ಕ್ಯಾನು ಹಿಡಿದು ದಿನಕ್ಕೆ ಎರಡು ಬಾರಿ ಸಾಲಿನಲ್ಲಿ ನಿಂತಿದೆ. ಇದಕ್ಕಿಂತ ದೊಡ್ಡ ಶಿಸ್ತು ಯಾವ ಕಚೇರಿಯಲ್ಲಿದೆ? ನಾವು ಹೇಳಬೇಕಾದದ್ದು ಇಷ್ಟೇ: ಹಾಲಿಗೆ ಕೊಟ್ಟ ಈ ಶಿಸ್ತನ್ನು ಕೊಟ್ಟಿಗೆಯ ಉಳಿದ ಕೆಲಸಕ್ಕೆ, ಮನೆಗೆ, ನಮ್ಮ ಸ್ವಂತ ಏಳಿಗೆಗೆ ಕೊಡಬೇಕು.

ಮೊದಲು ಕೊಟ್ಟಿಗೆ ನೋಡೋಣ. ಅಲ್ಲಿ ದುಡ್ಡು ಖರ್ಚಿಲ್ಲದೆ, ಬರೀ ಹೊತ್ತು ಪಾಲಿಸಿದ್ದರಿಂದಲೇ ಬರುವ ಲಾಭಗಳಿವೆ. ಕೆಚ್ಚಲು ತೊಳೆದು ಕೈ ಹಾಕಿದ ಮೇಲೆ ಹಸು ಹಾಲು ಸೊರಬಿಡುವುದು ಐದರಿಂದ ಏಳೆಂಟು ನಿಮಿಷ ಮಾತ್ರ. ಅಷ್ಟರಲ್ಲಿ ಪೂರ್ತಿ ಕರೆದು ಮುಗಿಸಬೇಕು. ನಡುವೆ ಫೋನು ಬಂತು ಅಂತ ಎದ್ದರೆ ಕೊನೆಯ ಹಾಲು ಕೆಚ್ಚಲಲ್ಲೇ ಉಳಿಯುತ್ತದೆ. ಕೊಬ್ಬು ಹೆಚ್ಚಾಗಿರೋದು ಆ ಕೊನೆಯ ಹಾಲಿನಲ್ಲೇ. ಫ್ಯಾಟ್ ಕಡಿಮೆ ಬಂತು ಅಂತ ಆಮೇಲೆ ಟೆಸ್ಟರ್ ಮೇಲೆ ಕೋಪ ಮಾಡಿಕೊಂಡರೆ ಏನು ಪ್ರಯೋಜನ? ಕರೆದು ಮುಗಿದ ಮೇಲೆ ಮುಂದೆ ಮೇವು ಹಾಕಿ ಅರ್ಧ ಗಂಟೆ ಹಸುವನ್ನು ನಿಲ್ಲಿಸಬೇಕು. ಮೊಲೆಯ ತೂತು ಮುಚ್ಚಿಕೊಳ್ಳಲು ಅಷ್ಟು ಹೊತ್ತು ಬೇಕು. ಕರೆದ ಕೂಡಲೇ ಸಗಣಿಯ ಮೇಲೆ ಮಲಗಿದರೆ ಕೆಚ್ಚಲು ಬಾವಿಗೆ ನಾವೇ ಬಾಗಿಲು ತೆರೆದ ಹಾಗೆ.

ಕರು ಹುಟ್ಟಿದರೆ ಒಂದೆರಡು ಗಂಟೆಯೊಳಗೆ ಗಿಣ್ಣು ಹಾಲು ಕುಡಿಸಬೇಕು. "ಮಾಸು ಬೀಳಲಿ, ಆಮೇಲೆ ಕುಡಿಸೋಣ" ಅಂತ ಕೆಲವರು ಕಾಯುತ್ತಾರೆ. ರೋಗ ತಡೆಯುವ ಶಕ್ತಿ ಆ ಹಾಲಿನಲ್ಲಿದೆ. ಅದನ್ನು ಹೀರಿಕೊಳ್ಳುವ ಶಕ್ತಿ ಕರುವಿನ ಹೊಟ್ಟೆಗೆ ಗಂಟೆಗಂಟೆಗೂ ಕಡಿಮೆಯಾಗುತ್ತಾ ಒಂದು ದಿನದಲ್ಲಿ ಮುಗಿದೇ ಹೋಗುತ್ತದೆ. ಇನ್ನು ಬೆದೆಯ ವಿಷಯ. ಒಂದು ಬೆದೆ ಗಮನಿಸದೆ ಬಿಟ್ಟರೆ ಮತ್ತೆ ಸುಮಾರು 21 ದಿನ ಕಾಯಬೇಕು. ಆ 21 ದಿನ ಹಸು ಹಿಂಡಿ ಬೂಸಾ ತಿನ್ನೋದು ನಿಲ್ಲಿಸುತ್ತದೆಯೇ? ಬೆಳಿಗ್ಗೆ ಬೆದೆ ಕಂಡರೆ ಸಂಜೆಗೆ, ಸಂಜೆ ಕಂಡರೆ ಮರುದಿನ ಬೆಳಿಗ್ಗೆಗೆ ಕೃತಕ ಗರ್ಭಧಾರಣೆ ಮಾಡಿಸಿ ಅಂತ ಡಾಕ್ಟರು ಹೇಳುತ್ತಾರೆ. ಬೆಳಿಗ್ಗೆ ಸಂಜೆ ಹತ್ತು ಹತ್ತು ನಿಮಿಷ ಹಸುವನ್ನು ಸುಮ್ಮನೆ ನೋಡುತ್ತಾ ನಿಂತರೆ ಸಾಕು, ಎಷ್ಟೋ ಬೆದೆ ಕೈತಪ್ಪುವುದಿಲ್ಲ. ಕರೆದ ಹಾಲೂ ಹಾಗೆಯೇ. ಮೈಶಾಖದ ಹಾಲಿನಲ್ಲಿ ಸೂಕ್ಷ್ಮಾಣುಗಳು ಅರ್ಧ ಗಂಟೆಯೊಳಗೆ ಒಂದಕ್ಕೆ ಎರಡಾಗಬಲ್ಲವು. ಅದು ಕೂಲರಿನ 4 ಡಿಗ್ರಿ ತಂಪಿಗೆ ಎಷ್ಟು ಬೇಗ ಸೇರಿದರೆ ಅಷ್ಟು ಒಳ್ಳೆಯದು.

ಹಾಗಂತ ಹೊತ್ತಿನ ಸದುಪಯೋಗ ಅಂದರೆ ಎತ್ತಿನ ಹಾಗೆ ದುಡಿಯುತ್ತಲೇ ಇರಬೇಕು ಅಂತಲ್ಲ. ಕರು ಹಾಕುವ ಮುಂಚೆ 60 ದಿನ ಹಸುವನ್ನು ಬತ್ತಿಸಿ ಬಿಡುತ್ತೇವೆ. ಆ ಬಿಡುವು ನಷ್ಟ ಅಲ್ಲ, ಮುಂದಿನ ಸೂಲಿನ ಬಂಡವಾಳ. ಇಲ್ಲಿ ಒಂದು ಕಹಿ ಪ್ರಶ್ನೆ ಕೇಳುತ್ತೇವೆ, ಗಂಡಸರು ಬೇಜಾರು ಮಾಡಿಕೊಳ್ಳಬಾರದು. ಹಸುವಿಗೆ 60 ದಿನ ಬಿಡುವು ಕೊಡುವ ಊರು, ಮನೆಯ ಹೆಣ್ಣುಮಗಳಿಗೆ ವಾರಕ್ಕೆ ಒಂದು ಮಧ್ಯಾಹ್ನದ ಬಿಡುವು ಕೊಟ್ಟಿದೆಯೇ?

ಕೇಂದ್ರ ಸರ್ಕಾರ 2019ರಲ್ಲಿ ದೇಶದಲ್ಲೆಲ್ಲ ಜನ ಹೊತ್ತು ಹೇಗೆ ಕಳೆಯುತ್ತಾರೆ ಅಂತ ಸಮೀಕ್ಷೆ ಮಾಡಿಸಿತು. ಸಂಬಳವಿಲ್ಲದ ಮನೆಗೆಲಸಕ್ಕೆ ಅದನ್ನು ಮಾಡುವ ಹೆಂಗಸರು ಆಗ ದಿನಕ್ಕೆ 299 ನಿಮಿಷ ಕೊಡುತ್ತಿದ್ದರು, ಅಂದರೆ ಹತ್ತಿರ ಹತ್ತಿರ 5 ಗಂಟೆ. ಮನೆಗೆಲಸ ಮಾಡುವ ಗಂಡಸರು ಕೊಡುತ್ತಿದ್ದದ್ದು 97 ನಿಮಿಷ. ಅದೂ ನೂರು ಗಂಡಸರಲ್ಲಿ ಮಾಡುತ್ತಿದ್ದವರೇ 26 ಜನ. ನಮ್ಮ ಹಳ್ಳಿಗಳಲ್ಲಿ ಇದರ ಮೇಲೆ ಸಗಣಿ ಬಾಚುವುದು, ಹುಲ್ಲು ಕೊಯ್ಯುವುದು, ಹಾಲು ಕರೆಯುವುದು ಬೇರೆ. ಬಟವಾಡೆಯ ದಿನ ಮಾತ್ರ ಪಾಸ್‌ಬುಕ್ ಹಿಡಿದು ಬರೋದು ಬಹಳ ಮನೆಗಳಲ್ಲಿ ಗಂಡಸರೇ! ಹಾಲಿನ ಒಂದೊಂದು ಲೀಟರಿಗೂ ಸಂಘದಲ್ಲಿ ಲೆಕ್ಕ ಇದೆ, ಆ ತಾಯಿ ಕೊಟ್ಟ ಹೊತ್ತಿಗೆ ಯಾವ ಪುಸ್ತಕದಲ್ಲೂ ಲೆಕ್ಕ ಇಲ್ಲ.

ನಮ್ಮ ಮನೆಯಲ್ಲಿ ಕೆಲಸ ಹಂಚಿಕೊಂಡಿದ್ದೇವೆ. ಬೆಳಿಗ್ಗೆ ಕೊಟ್ಟಿಗೆ ಗುಡಿಸಿ ತೊಳೆಯುವುದು, ಮೇವು ಕತ್ತರಿಸುವುದು ನಮ್ಮ ಪಾಲು. ಶುರುವಿನಲ್ಲಿ ದಾರಿಯಲ್ಲಿ ಹೋಗುವವರು "ಏನಣ್ಣ, ಅತ್ತಿಗೆ ತವರಿಗೆ ಹೋದ್ರಾ?" ಅಂತ ನಗುತ್ತಿದ್ದರು. "ಇಲ್ಲೇ ಇದ್ದಾರಪ್ಪ, ಪೇಪರ್ ಓದ್ತಾ ಇದ್ದಾರೆ" ಅಂತ ಹೇಳುತ್ತಿದ್ದೆವು. ಈಗ ಯಾರೂ ನಗೋದಿಲ್ಲ. ಆ ಉಳಿದ ಒಂದು ಗಂಟೆಯಲ್ಲಿ ನಮ್ಮ ಮನೆಯವರು ಮಹಿಳಾ ಸಂಘದ ಲೆಕ್ಕ ಬರೆಯೋದು ಕಲಿತರು, ಹಾಲಿನ ಚೀಟಿಯಲ್ಲಿ ಫ್ಯಾಟ್ ಎಷ್ಟು, ಎಸ್.ಎನ್.ಎಫ್. ಎಷ್ಟು ಅಂತ ನೋಡಿ ಹಿಂಡಿ ಹಾಕುವುದರಲ್ಲಿ ಹೆಚ್ಚು ಕಡಿಮೆ ಹೇಳುತ್ತಾರೆ. ಹಂಚಿಕೊಂಡ ಹೊತ್ತು ಕಡಿಮೆಯಾಗಲಿಲ್ಲ, ಬೆಳೆಯಿತು.

ಇನ್ನು ನಮ್ಮ ನಮ್ಮ ಏಳಿಗೆ. ದಿನಕ್ಕೆ ಅರ್ಧ ಗಂಟೆ ಅಂದರೆ ವರ್ಷಕ್ಕೆ 182 ಗಂಟೆ. 8 ಗಂಟೆಯ ಕೂಲಿಯಾಳಿನ ಲೆಕ್ಕದಲ್ಲಿ 22 ದಿನಕ್ಕೂ ಹೆಚ್ಚು. ಮೊಬೈಲಿನಲ್ಲಿ ಅರ್ಧ ಗಂಟೆ ಕಡಿಮೆ ಮಾಡಿದರೆ 22 ಆಳು ಪುಕ್ಕಟೆ ಸಿಕ್ಕಿದ ಹಾಗಾಯಿತು. ಆ ಹೊತ್ತಲ್ಲಿ ಏನು ಮಾಡಬಹುದು? ಒಂದು ನೋಟ್‌ಪುಸ್ತಕ ತೆಗೆದುಕೊಂಡು ಹಸು ಬೆದೆಗೆ ಬಂದ ದಿನ, ಕೊಡಿಸಿದ ದಿನ, ಲಸಿಕೆ ಹಾಕಿಸಿದ ದಿನ, ಹಿಂಡಿಗೆ ಕೊಟ್ಟ ದುಡ್ಡು ಬರೆದಿಡಬಹುದು. ಸಂಘದ ಉಪನಿಯಮದ ಪುಸ್ತಕವನ್ನು ದಿನಕ್ಕೊಂದು ಪುಟ ಓದಬಹುದು. ಮಕ್ಕಳು ಓದುವಾಗ ಪಕ್ಕದಲ್ಲಿ ಕೂರಬಹುದು. ಅವರ ಗಣಿತ ನಮಗೆ ಬಾರದಿದ್ದರೂ ಪರವಾಗಿಲ್ಲ. ಅಪ್ಪ ಪಕ್ಕದಲ್ಲಿ ಕೂತಿದ್ದಾನೆ ಅನ್ನೋದೇ ಮಗುವಿಗೆ ಅರ್ಧ ಪಾಠ. ಅಪ್ಪ ಮೊಬೈಲ್ ನೋಡುತ್ತಾ "ಓದೋ" ಅಂತ ಗದರಿದರೆ ಮಗು ಕಲಿಯೋದು ಗದರಿಕೆಯನ್ನಲ್ಲ, ಮೊಬೈಲನ್ನು.

ಸಂಘದ ಬಗ್ಗೆಯೂ ಒಂದು ಮಾತು. ಸರ್ವ ಸದಸ್ಯರ ಸಭೆ 10 ಗಂಟೆಗೆ ಅಂದರೆ 11ಕ್ಕೆ ಬಂದರಾಯ್ತು ಅನ್ನೋದು ಎಲ್ಲ ಊರುಗಳ ವಾಡಿಕೆ. 100 ಜನ ಒಂದು ಗಂಟೆ ಕಾದರೆ 100 ಗಂಟೆ ಹೋಯಿತು, ಅಂದರೆ 12 ಆಳಿನ ದಿನಗೂಲಿ ನೀರಿಗೆ ಬಿತ್ತು. ಹೊತ್ತಿಗೆ ಸರಿಯಾಗಿ ಬಂದವನೇ ಕಾಯುವ ಶಿಕ್ಷೆ ಅನುಭವಿಸಿದರೆ ಮುಂದಿನ ಸಲ ಅವನೂ ತಡವಾಗಿಯೇ ಬರುತ್ತಾನೆ. ಹೊತ್ತು ಮೀರಿದ ಹಾಲನ್ನು ಡೇರಿಯಲ್ಲಿ ತೆಗೆದುಕೊಳ್ಳೋದಿಲ್ಲ. ಅದೇ ನಿಯಮ ಸಭೆಗೂ ಇರಲಿ. ಕೋರಂ ಆದ ಕೂಡಲೇ ಸಭೆ ಶುರುವಾಗಲಿ, ಯಾರಿಗೂ ಕಾಯುವುದು ಬೇಡ.

ಕೊನೆಯದಾಗಿ, ಬೆಳ್ಳಿಹಬ್ಬದ ನೆನಪಿಗೆ ನಾವೆಲ್ಲ ಮೂರು ಕೆಲಸ ಮಾಡೋಣ ಅಂತ ನಮ್ಮ ಕೋರಿಕೆ. ಒಂದು, ಪ್ರತಿ ಮನೆಯಲ್ಲೂ ಹಸುವಿಗೊಂದು ಲೆಕ್ಕದ ಪುಸ್ತಕ ಇರಲಿ. ಎರಡು, ಕೊಟ್ಟಿಗೆಯ ಒಂದು ಕೆಲಸವನ್ನಾದರೂ ಗಂಡಸರು ಪೂರ್ತಿಯಾಗಿ ವಹಿಸಿಕೊಳ್ಳಲಿ, ಹಾಲು ಕರೆಯುವ ತಾಯಿಯ ಹೆಸರಲ್ಲೇ ಸದಸ್ಯತ್ವ, ಪಾಸ್‌ಬುಕ್ ಆಗಲಿ. ಮೂರು, ರಾತ್ರಿ ಮಕ್ಕಳು ಓದುವ ಒಂದು ಗಂಟೆ ಮನೆಯ ಮೊಬೈಲುಗಳೆಲ್ಲ ಗೂಡಿನಲ್ಲಿರಲಿ. ಇದಕ್ಕೆ ಸಾಲ ಬೇಡ, ಸಬ್ಸಿಡಿ ಬೇಡ, ಯಾವ ಕಚೇರಿಗೂ ಅರ್ಜಿ ಹಾಕಬೇಕಿಲ್ಲ. ದೇವರು ಸಾಹುಕಾರನಿಗೂ ಕೂಲಿಯವನಿಗೂ ದಿನಕ್ಕೆ ಕೊಟ್ಟಿರೋದು ಅದೇ 24 ಗಂಟೆ. ಅಳತೆಯಲ್ಲಿ ಮೋಸವಿಲ್ಲದ ಬಟವಾಡೆ ಅಂದರೆ ಅದೊಂದೇ.

ಮಾತು ಹೆಚ್ಚಾಯಿತು. ಹೊತ್ತಿನ ಬಗ್ಗೆ ಮಾತಾಡುತ್ತಾ ನಿಮ್ಮ ಹೊತ್ತು ತಿನ್ನುವುದು ನ್ಯಾಯವಲ್ಲ. ಸಂಜೆಯ ಹಾಲಿಗೆ ಹೊತ್ತಾಗುತ್ತಿದೆ. ನಮ್ಮ ಮಾತು ಮುಗಿಸುತ್ತೇವೆ.

ಜೈ ಸಹಕಾರ.