ಹೂ ಬಿಡುವ ಮುನ್ನವೇ ಕೀಳಬೇಕಾದ ಕಳೆ



ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಕಡೆಯಿಂದ ಚಿಂಚೋಳಿಯ ಗುಡ್ಡಗಳವರೆಗೆ ಮಣ್ಣು ಕದಡಿದ ಜಾಗವನ್ನೆಲ್ಲ ಪಾರ್ಥೇನಿಯಂ ಹುಡುಕಿಕೊಂಡು ಬರುತ್ತದೆ. ನಮ್ಮ ಜನ ಇದನ್ನು ಕಾಂಗ್ರೆಸ್ ಹುಲ್ಲು ಎನ್ನುತ್ತಾರೆ. ಆದರೆ ಇದು ಹುಲ್ಲಲ್ಲ, ಸೂರ್ಯಕಾಂತಿಯ ಕುಟುಂಬಕ್ಕೆ ಸೇರಿದ ಗಿಡ. ಅಮೆರಿಕ ಖಂಡದ ಈ ಸಸ್ಯ 1950ರ ದಶಕದಲ್ಲಿ ಪುಣೆಯಲ್ಲಿ ಗಮನಕ್ಕೆ ಬಂದು, ಅಲ್ಲಿಂದೀಚೆಗೆ ದೇಶವನ್ನೇ ವ್ಯಾಪಿಸಿತು.

ಹಿತ್ತಲಿನಲ್ಲಿ ಇದನ್ನು ಕೀಳುವವರು ಸಾಮಾನ್ಯವಾಗಿ ಹೆಂಗಸರು, ಮಕ್ಕಳು, ಅದೂ ಬರಿಗೈಯಲ್ಲಿ. ಚರ್ಮದ ತುರಿಕೆ, ಉಬ್ಬಸ ಅವರ ಪಾಲಿಗೇ ಬರುತ್ತವೆ. ಒಮ್ಮೆ ಮೈಗೆ ಒಗ್ಗದಂತಾದರೆ ಮುಂದೆ ಗಿಡದ ಸೋಂಕು ತಗುಲಿದಾಗಲೆಲ್ಲ ಕಾಡುತ್ತದೆ. ಆದ್ದರಿಂದ ಕೈಗವಸು, ಮೂಗಿಗೆ ಬಟ್ಟೆ, ಕೆಲಸದ ನಂತರ ಸ್ನಾನ ಕಡ್ಡಾಯ.

ಮೊಳೆತ ತಿಂಗಳು, ಒಂದೂವರೆ ತಿಂಗಳಿಗೇ ಇದು ಹೂ ಬಿಡುತ್ತದೆ. ಒಂದು ದೊಡ್ಡ ಗಿಡ 15,000ಕ್ಕೂ ಹೆಚ್ಚು ಬೀಜ ಉದುರಿಸಬಲ್ಲದು. ಹೂ ಬಂದ ಮೇಲೆ ಕಿತ್ತು ಎಳೆದಾಡಿದರೆ ಅದು ಕಳೆ ತೆಗೆದಂತಲ್ಲ, ಬಿತ್ತಿದಂತೆ. ನಮ್ಮ ಎರೆಮಣ್ಣು ಒಣಗಿದಾಗ ಕಾಂಡ ಬುಡದಲ್ಲೇ ಮುರಿದು ಮತ್ತೆ ಚಿಗುರುತ್ತದೆ. ಮಳೆ ನಿಂತು ನೆಲ ಹದಕ್ಕೆ ಬಂದಾಗ ಬೇರುಸಹಿತ ಬರುತ್ತದೆ. ಆಳವಾಗಿ ಅಗೆಯಬೇಡಿ, ಹೂತಿದ್ದ ಹಳೆಯ ಬೀಜಗಳು ಮೇಲೆ ಬಂದು ಮೊಳೆಯುತ್ತವೆ. ಹೂವಿಲ್ಲದ ಎಳೆಯ ಗಿಡವನ್ನು ಸಗಣಿಯೊಡನೆ ಗೊಬ್ಬರದ ಗುಂಡಿಗೆ ಹಾಕಬಹುದು.

ಉಪ್ಪುನೀರು ಸುರಿಯುವ ಸಲಹೆಯನ್ನು ನೀವು ಕೇಳಿರುತ್ತೀರಿ. ಬಂಡೆ ಹಾಸಿದ ಅಂಗಳದಲ್ಲಾದರೂ ಅದು ಬೇಡ ಎಂಬುದೇ ನನ್ನ ಅಭಿಪ್ರಾಯ. ಎರೆಮಣ್ಣಿಗೆ ಸೋಡಿಯಂ ಸೇರಿದರೆ ನೀರು ಇಂಗದೆ ನೆಲ ಹೆಪ್ಪುಗಟ್ಟುತ್ತದೆ. 1984ರಲ್ಲಿ ಬೆಂಗಳೂರಿನಲ್ಲಿ ಬಿಡುಗಡೆಯಾದ ಮೆಕ್ಸಿಕೋ ಮೂಲದ ದುಂಬಿ ಮಳೆಗಾಲದಲ್ಲಿ ಎಲೆಗಳನ್ನು ಮೇಯುತ್ತದೆ. ಬೆನ್ನ ಮೇಲೆ ಕಂದು ಗೆರೆಗಳುಳ್ಳ ಆ ಪುಟ್ಟ ಜೀವ ಕಂಡರೆ ಕೀಟನಾಶಕ ಹೊಡೆಯಬೇಡಿ. ಆದರೆ ಬೇಸಿಗೆಯಲ್ಲಿ ಅದು ಮಣ್ಣೊಳಗೆ ಅಡಗುವುದರಿಂದ ಅದೊಂದನ್ನೇ ನಂಬಿ ಕೂರುವಂತಿಲ್ಲ. ಕಿತ್ತ ಜಾಗವನ್ನು ಬರಿದಾಗಿ ಬಿಡದೆ ಕುಂಬಳ, ಅವರೆ ಹಬ್ಬಿಸಿ. ಬೇಲಿಯಂಚಿಗೆ ತಗಚೆ ಬಿತ್ತಿ.

ಚಿಂಚೋಳಿಯ ಗುಡ್ಡದ ಹಳ್ಳಿಗಳವರಿಗೆ ಇನ್ನೊಂದು ಮಾತು. ಅಲ್ಲಿ 2011ರಲ್ಲಿ ವನ್ಯಜೀವಿಧಾಮ ಘೋಷಣೆಯಾಗಿದೆ. ಹಿತ್ತಲಿನ ಬೀಜ ದನದ ಗೊರಸಿನ ಕೆಸರಿನಲ್ಲಿ, ಬಂಡಿಯ ಗಾಲಿಯಲ್ಲಿ, ಕೊಂಡುತಂದ ಮರಳಿನಲ್ಲಿ ಕಾಡಂಚಿಗೆ ಹೋಗುತ್ತದೆ. ಅಲ್ಲಿ ಅದನ್ನು ಕೀಳುವವರಿಲ್ಲ. ದನಗಳು ಮೇಯುವ ಹುಲ್ಲಿನ ಜಾಗ ಅಷ್ಟಷ್ಟೇ ಕಡಿಮೆಯಾಗುತ್ತದೆ.

ನನ್ನ ಕೋರಿಕೆ ಇಷ್ಟೇ: ಮುಂಗಾರಿನ ಮೊದಲ ಹದಮಳೆಯಾದ 20 ದಿನಗಳಿಗೆ ಓಣಿಯವರೆಲ್ಲ ಒಂದು ದಿನ ಗೊತ್ತುಮಾಡಿಕೊಳ್ಳಿ. ಮೊದಲು ಯಾರಿಗೂ ಸೇರದ ನಲ್ಲಿಕಟ್ಟೆ, ಚರಂಡಿಯಂಚು, ಶಾಲೆಯ ಹಿಂಬದಿ. ಆಮೇಲೆ ನಿಮ್ಮ ನಿಮ್ಮ ಹಿತ್ತಲು. ಮೂರು ವಾರ ಬಿಟ್ಟು ಮತ್ತೊಮ್ಮೆ ಅದೇ ಸುತ್ತು.